ಊರು ಖಾಲಿ ಮಾಡಿಸಿದವರು ಯಾರು?

1954ರ ‘ಗಾಡ್ಜಿಲ್ಲಾ’ ಸುಮಾರು 96 ನಿಮಿಷದ ಸಿನಿಮಾ. ಅದರಲ್ಲಿ ಗಾಡ್ಜಿಲ್ಲಾ ಕಣ್ಣಿಗೆ ಬೀಳುವುದು ಅಲ್ಲೊಮ್ಮೆ ಇಲ್ಲೊಮ್ಮೆ. ಉಳಿದ ಹೊತ್ತೆಲ್ಲ ಬರೀ ಜನ. ಮುಳುಗಿದ ಹಡಗಿನವರ ಮನೆಮಂದಿ ಕಂಪನಿಯ ಕಚೇರಿಗೆ ನುಗ್ಗಿ ಸುದ್ದಿ ಕೇಳುತ್ತಾರೆ. ವಿಷಯ ಬಯಲು ಮಾಡಬೇಕೋ ಮುಚ್ಚಿಡಬೇಕೋ ಎಂದು ಸಂಸತ್ತಿನಲ್ಲಿ ಕೂಗಾಟ ನಡೆಯುತ್ತದೆ. ರೈಲಿನಲ್ಲಿ ಪ್ರಯಾಣಿಸುವ ಹೆಂಗಸೊಬ್ಬಳು, ನಾಗಸಾಕಿಯಲ್ಲಿ ಜೀವ ಉಳಿಸಿಕೊಂಡು ಬಂದವಳು, ಈಗ ಇದೊಂದು ಬಾಕಿಯಿತ್ತು ಎನ್ನುವ ಧಾಟಿಯಲ್ಲಿ ಗೊಣಗುತ್ತಾಳೆ. ಪಕ್ಕದವನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳುತ್ತಾನೆ.

ಗಾಡ್ಜಿಲ್ಲಾ ಟೋಕಿಯೋಗೆ ನುಗ್ಗಿದ ರಾತ್ರಿ ಗಿಂಜಾದ ಅಂಗಡಿಗಳ ಬುಡದಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅಪ್ಪಿಕೊಂಡು ಕುಳಿತಿದ್ದಾಳೆ. ಇನ್ನೇನು ಅಪ್ಪ ಇರುವಲ್ಲಿಗೇ ಹೋಗುತ್ತೇವೆ ಎಂದು ಸಮಾಧಾನ ಹೇಳುತ್ತಾಳೆ. ಅಪ್ಪ ಯುದ್ಧದಲ್ಲಿ ಸತ್ತಿರಬೇಕು, ಸಿನಿಮಾ ಅದನ್ನು ಬಿಡಿಸಿ ಹೇಳುವುದಿಲ್ಲ. ಆಗಿನ ಜಪಾನಿನಲ್ಲಿ ಹೇಳುವ ಅಗತ್ಯವೂ ಇದ್ದಿರಲಿಕ್ಕಿಲ್ಲ. ಮರುದಿನ ಆಸ್ಪತ್ರೆಯ ಓಣಿಯುದ್ದಕ್ಕೂ ಗಾಯಾಳುಗಳು. ವಿಕಿರಣ ಅಳೆಯುವ ಗೈಗರ್ ಕೌಂಟರನ್ನು ಪುಟ್ಟ ಮಗುವೊಂದರ ಹತ್ತಿರ ಹಿಡಿದಾಗ ಅದು ಟಕಟಕ ಎನ್ನುತ್ತದೆ. ಹಿಡಿದವನು ತಲೆಯಾಡಿಸುತ್ತಾನೆ, ಅಷ್ಟೆ.

ಇಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಿದ್ದೇನೆ: ಇದು ದೈತ್ಯಪ್ರಾಣಿಯ ಸಿನಿಮಾವೋ, ಆಸ್ಪತ್ರೆಯ ಸಿನಿಮಾವೋ?

*

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷಿಸಿತು. ಟ್ಯೂನಾ ಹಿಡಿಯಲು ಹೋಗಿದ್ದ ‘ಡೈಗೊ ಫುಕುರ್ಯು ಮಾರು’ ಎಂಬ ಜಪಾನಿ ದೋಣಿಯ 23 ಜನರ ಮೇಲೆ ಬಿಳಿ ಬೂದಿ ಸುರಿಯಿತು. ದೋಣಿಯ ರೇಡಿಯೋ ಆಪರೇಟರ್ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು. ಸಿನಿಮಾ ತೆರೆಕಂಡದ್ದು ನವೆಂಬರ್ 3ರಂದು, ಅಂದರೆ ಸೂತಕ ಆರುವ ಮುಂಚೆಯೇ. ಅದು ಶುರುವಾಗುವುದೂ ಸಮುದ್ರದ ನಡುವೆ ಹಡಗೊಂದರ ಮೇಲೆ ಬೀಳುವ ಕಣ್ಣುಕುಕ್ಕುವ ಬೆಳಕಿನಿಂದ. ಚಿತ್ರಮಂದಿರದಲ್ಲಿ ಕುಳಿತವರಿಗೆ ಯಾವ ಬೆಳಕು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ನಿರ್ದೇಶಕ ಇಶಿರೊ ಹೊಂಡಾ ಯುದ್ಧ ಮುಗಿಸಿ ಚೀನಾದಿಂದ ಊರಿಗೆ ಮರಳುವಾಗ ಹಿರೋಶಿಮಾ ದಾಟಿ ಬಂದವರು.

1956ರಲ್ಲಿ ಅಮೆರಿಕದವರು ಇದೇ ಚಿತ್ರವನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ವರದಿಗಾರನ ವೇಷದಲ್ಲಿ ನಡುನಡುವೆ ತುರುಕಿ ಬಿಡುಗಡೆ ಮಾಡಿದರು. ರೈಲಿನ ಆ ಹೆಂಗಸಿನ ನಾಗಸಾಕಿಯ ಮಾತು ಅದರಲ್ಲಿಲ್ಲ.

*

ಈಗ ನನ್ನ ತಲೆ ಕೆಡಿಸಿದ ಪ್ರಶ್ನೆ. ಇಷ್ಟು ಸೂತಕ ಹೊತ್ತು ಹುಟ್ಟಿದ ಪ್ರಾಣಿ ಹತ್ತೇ ವರ್ಷದಲ್ಲಿ ಭೂಮಿಯ ಕಾವಲುಗಾರನಾಯಿತು. ಇಪ್ಪತ್ತು ವರ್ಷ ತುಂಬುವ ಮೊದಲೇ ಬಾಲದ ಮೇಲೆ ಜಾರಿಕೊಂಡು ಬಂದು ಎರಡೂ ಕಾಲಿನಲ್ಲಿ ಎದುರಾಳಿಯ ಎದೆಗೆ ಒದೆಯತೊಡಗಿತು. ಹೇಗೆ? ಯಾವ ಭಾಗದಲ್ಲಿ, ಯಾವ ರೀಲಿನಲ್ಲಿ ಇದು ತಿರುಗಿತು?

‘ಮುಂದಿನ ಭಾಗ ಮಾಡಿ ಹಾಳುಗೆಡವಿದರು’ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನನಗೆ ಆ ಉತ್ತರ ಸಾಲದು.

*

ಸೀಕ್ವೆಲ್ ಎಂಬ ರೋಗ ಜಪಾನಿನದಲ್ಲ. ‘ಕಿಂಗ್ ಕಾಂಗ್’ ಬಂದದ್ದು 1933ರ ಮಾರ್ಚ್‌ನಲ್ಲಿ, ‘ಸನ್ ಆಫ್ ಕಾಂಗ್’ ಅದೇ ವರ್ಷದ ಡಿಸೆಂಬರ್‌ನಲ್ಲಿ. ಮಗ ಹುಟ್ಟಲು ಬೇಕಾದಷ್ಟೇ ಸಮಯ. ಚಿತ್ರ ಅಂಥದ್ದೇನಲ್ಲ, ಆದರೆ ಅದರ ಆರಂಭ ನನಗೆ ಬಲು ಇಷ್ಟ. ಕಾಂಗ್‌ನನ್ನು ನ್ಯೂಯಾರ್ಕಿಗೆ ತಂದ ಡೆನ್‌ಹ್ಯಾಮ್ ಈಗ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಡಗಿದ್ದಾನೆ. ಹೊರಗೆ ಕೋರ್ಟಿನ ಸಮನ್ಸ್ ಹಿಡಿದವರು ಕಾಯುತ್ತಿದ್ದಾರೆ. ಕಾಂಗ್ ಒಡೆದದ್ದಕ್ಕೆಲ್ಲ ನಷ್ಟ ಯಾರು ಕಟ್ಟಿಕೊಡಬೇಕು? ಎಷ್ಟೋ ದೈತ್ಯಪ್ರಾಣಿ ಸಿನಿಮಾಗಳು ಕೇಳಲು ಮರೆತ ಪ್ರಶ್ನೆಯನ್ನು ಈ ಅವಸರದ ಚಿತ್ರ ಮೊದಲ ಹತ್ತು ನಿಮಿಷದಲ್ಲೇ ಕೇಳಿಬಿಡುತ್ತದೆ. ಆಮೇಲೆ ಹಡಗು ಹತ್ತಿ ದ್ವೀಪಕ್ಕೆ ಓಡಿಹೋಗುತ್ತದೆ.

ದ್ವೀಪಕ್ಕೆ ಓಡಿಹೋಗುವುದು. ಈ ಮಾತಿಗೆ ಅಡಿಗೆರೆ ಹಾಕಿಟ್ಟಿದ್ದೇನೆ.

*

ಕಾಂಗ್ ಅಸಲಿಗೆ ಸುಮಾರು ಒಂದೂವರೆ ಅಡಿಯ ಬೊಂಬೆ. ವಿಲ್ಲಿಸ್ ಒ'ಬ್ರಿಯನ್ ಅದನ್ನು ಫ್ರೇಮಿನಿಂದ ಫ್ರೇಮಿಗೆ ಕೂದಲೆಳೆಯಷ್ಟು ಸರಿಸುತ್ತ ಚಿತ್ರೀಕರಿಸಿದರು. ‘ಗಾಡ್ಜಿಲ್ಲಾ’ದ ಟ್ರಿಕ್ ದೃಶ್ಯಗಳ ಹೊಣೆ ಹೊತ್ತ ಎಯಿಜಿ ತ್ಸುಬುರಾಯಾ ಆ ಸಿನಿಮಾ ನೋಡಿ ಮರುಳಾದವರು, ಹಾಗೆಯೇ ಮಾಡುವ ಆಸೆ ಅವರಿಗೂ ಇತ್ತು. ಆದರೆ ಚಿತ್ರ ತಯಾರಿಸಿದ ತೊಹೊ ಕಂಪನಿ ಕೊಟ್ಟದ್ದು ಕೆಲವೇ ತಿಂಗಳ ಗಡುವು. ಹೀಗಾಗಿ ಮನುಷ್ಯನಿಗೇ ರಬ್ಬರಿನ ವೇಷ ಹಾಕಿಸಿದರು. ವೇಷದ ಒಳಗಿದ್ದ ಹರುವೊ ನಕಾಜಿಮಾ ಮೃಗಾಲಯಕ್ಕೆ ಹೋಗಿ ಕರಡಿ, ಆನೆಗಳ ನಡಿಗೆ ನೋಡಿಕೊಂಡು ಬಂದರು. ವೇಷದ ತೂಕ ಸುಮಾರು ನೂರು ಕಿಲೋ, ಮೇಲಿನಿಂದ ದೀಪಗಳ ಕಾವು. ಶಾಟ್ ಮುಗಿದ ಮೇಲೆ ಒಳಗಿನಿಂದ ಬೆವರು ಸುರಿದು ತೆಗೆಯಬೇಕಾಗುತ್ತಿತ್ತಂತೆ.

ಬೊಂಬೆಮನೆ ಕುಸಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ನಿಜವಾದ ಏಳಂತಸ್ತಿನ ಕಟ್ಟಡ ಕುಸಿಯಲು ಹೊತ್ತು ಬೇಕು. ಅದಕ್ಕೇ ತ್ಸುಬುರಾಯಾ ಕ್ಯಾಮೆರಾವನ್ನು ಮಾಮೂಲಿಗಿಂತ ಎಷ್ಟೋ ಪಟ್ಟು ವೇಗವಾಗಿ ಓಡಿಸಿದರು. ಅದನ್ನು ಸೆಕೆಂಡಿಗೆ 24 ಫ್ರೇಮಿನಂತೆ ತೋರಿಸಿದಾಗ ಎಲ್ಲವೂ ನಿಧಾನವಾಗಿ, ಭಾರವಾಗಿ ಬೀಳುತ್ತದೆ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಚರ್ಮದ ಕೈಗವಸಿಗೆ ರಾಳ ಬಳಿದು ಡಬಲ್ ಬಾಸ್ ತಂತಿಯ ಮೇಲೆ ಎಳೆಸಿ ಆ ಘರ್ಜನೆ ಹುಟ್ಟಿಸಿದರು. ಕಣ್ಣಿಗೂ ಕಿವಿಗೂ ಸಿಗುವುದು ಒಂದೇ: ತೂಕ.

1955ರ ಎರಡನೇ ಭಾಗದಲ್ಲಿ ಕ್ಯಾಮೆರಾ ಒಂದು ಸಲ ತಪ್ಪಿ ನಿಧಾನಕ್ಕೆ ಓಡಿತೆಂದೂ, ಪರದೆಯ ಮೇಲೆ ಪ್ರಾಣಿಗಳು ಚಕಚಕ ಕಚ್ಚಾಡಿದ್ದನ್ನು ನೋಡಿ ತ್ಸುಬುರಾಯಾ ಅದನ್ನೇ ಇಟ್ಟುಕೊಂಡರೆಂದೂ ಹೇಳುತ್ತಾರೆ. ಒಸಾಕಾ ಕೋಟೆಯ ಬುಡದಲ್ಲಿ ಗಾಡ್ಜಿಲ್ಲಾ ಮತ್ತು ಹೊಸ ಎದುರಾಳಿ ಆಂಗಿರಸ್ ಬೀದಿನಾಯಿಗಳ ಹಾಗೆ ಕಿತ್ತಾಡುತ್ತವೆ. ತೂಕ ಹೋಯಿತು, ಹುರುಪು ಬಂತು. ಇದೇ ಮೊದಲ ಬಿರುಕೇ? ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋದೆ.

*

ಎತ್ತರದ ಲೆಕ್ಕ. ಕಾಂಗ್ ತನ್ನ ದ್ವೀಪದಲ್ಲಿ 18 ಅಡಿ, ನ್ಯೂಯಾರ್ಕಿಗೆ ಬಂದ ಮೇಲೆ 24 ಅಡಿ. ಸಣ್ಣವನಾಗಿ ಕಂಡಾನು ಎಂಬ ಭಯಕ್ಕೆ ಬೆಳೆಸಿದರು. 1962ರಲ್ಲಿ ಗಾಡ್ಜಿಲ್ಲಾ ಜೊತೆ ಹೊಡೆದಾಡಲು ಜಪಾನಿಗೆ ಕರೆತಂದಾಗ ಒಮ್ಮೆಲೇ 45 ಮೀಟರ್.

ಗಾಡ್ಜಿಲ್ಲಾ 1954ರಲ್ಲಿ 50 ಮೀಟರ್. ಆಗ ಜಪಾನಿನ ಕಾನೂನು ಮಾಮೂಲಿ ಕಟ್ಟಡಗಳಿಗೆ 31 ಮೀಟರಿನ ಮಿತಿ ಹಾಕಿತ್ತು, ಹೀಗಾಗಿ ಟೋಕಿಯೋದ ಚಾವಣಿಗಳ ಮೇಲೆ ಅದರ ತಲೆ ಸಲೀಸಾಗಿ ಕಾಣುತ್ತಿತ್ತು. ತೊಡಕಾದದ್ದು ಸಂಸತ್ ಭವನ. ಅದರ ಗೋಪುರ 65 ಮೀಟರ್! ಮಿಕ್ಕ ಕಟ್ಟಡಗಳ ಮಾದರಿಯನ್ನು 25ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾಡಿದವರು ಸಂಸತ್ತನ್ನು ಮಾತ್ರ 33ರಲ್ಲಿ ಒಂದು ಪಾಲಿಗೆ ಇಳಿಸಿದರು. ಸಂಸತ್ತನ್ನು ಕುಗ್ಗಿಸಲು ಇದಕ್ಕಿಂತ ಸುಲಭದ ದಾರಿ ಬೇರೆ ಕಾಣೆ.

1960ರ ದಶಕದಲ್ಲಿ ಮಿತಿ ಹೋಯಿತು, ಗಗನಚುಂಬಿಗಳು ಎದ್ದವು. 1984ರ ಗಾಡ್ಜಿಲ್ಲಾ 80 ಮೀಟರ್, 1991ರದು 100, 2016ರದು 118.5. ಪ್ರಾಣಿ ಬೆಳೆಯಿತೆಂದು ನಾವು ಅಂದುಕೊಳ್ಳುತ್ತೇವೆ, ಬೆಳೆದದ್ದು ರಿಯಲ್ ಎಸ್ಟೇಟ್.

*

1962ರ ‘ಕಿಂಗ್ ಕಾಂಗ್ ವಿರುದ್ಧ ಗಾಡ್ಜಿಲ್ಲಾ’. ಬಣ್ಣ ಬಂದಿದೆ, ಹಗಲು ಬಂದಿದೆ. ಔಷಧ ಕಂಪನಿಯ ಪ್ರಚಾರ ವಿಭಾಗದ ತಾಕೊ ಎಂಬ ದೊಡ್ಡಮನುಷ್ಯನಿಗೆ ತಾನು ಪ್ರಾಯೋಜಿಸುವ ಟಿ.ವಿ. ಕಾರ್ಯಕ್ರಮಕ್ಕೆ ಜನ ಇಲ್ಲವಲ್ಲ ಎಂಬ ಕೊರಗು. ಅದಕ್ಕಾಗಿ ಒಂದು ದೈತ್ಯಪ್ರಾಣಿ ಬೇಕು! ಟಿ.ವಿ. ಜಾಹೀರಾತಿನ ಹುಚ್ಚನ್ನು ಹೊಂಡಾ ಚೆನ್ನಾಗಿ ಗೇಲಿ ಮಾಡಿದ್ದಾರೆ. ಕಾಂಗ್‌ಗೆ ಬಲೂನು ಕಟ್ಟಿ ಫ್ಯೂಜಿ ಪರ್ವತದ ಕಡೆಗೆ ಹಾರಿಸಿಕೊಂಡು ಬರುತ್ತಾರೆ. ಕಾಂಗ್ ಗಾಡ್ಜಿಲ್ಲಾದ ಬಾಯಿಗೆ ಬುಡಸಹಿತ ಒಂದು ಮರ ತುರುಕುತ್ತಾನೆ. ಕಡೆಗೆ ಇಬ್ಬರೂ ಸೇರಿ ಅತಾಮಿ ಕೋಟೆಯನ್ನು ನೆಲಸಮ ಮಾಡುತ್ತಾರೆ. ಅತಾಮಿ ಕೋಟೆ 1959ರಲ್ಲಿ ಪ್ರವಾಸಿಗರಿಗಾಗಿ ಕಟ್ಟಿದ್ದು, ಅದರೊಳಗೆ ಯಾವ ರಾಜನೂ ವಾಸವಿರಲಿಲ್ಲ. ಒಂದು ಕೋಟಿಗೂ ಮಿಕ್ಕಿ ಟಿಕೆಟ್ ಖರ್ಚಾದವು.

ಅಮೆರಿಕದ ಪ್ರತಿಯಲ್ಲಿ ಕಾಂಗ್ ಗೆಲ್ಲುತ್ತಾನೆ, ಜಪಾನಿನದರಲ್ಲಿ ಗಾಡ್ಜಿಲ್ಲಾ ಗೆಲ್ಲುತ್ತದೆ ಎಂಬ ಮಾತು ದಶಕಗಳ ಕಾಲ ಓಡಾಡಿತು. ಶುದ್ಧ ಸುಳ್ಳು. ಎರಡರಲ್ಲೂ ನೀರಿನಿಂದ ಎದ್ದು ಈಜಿಕೊಂಡು ಮನೆಗೆ ಹೋಗುವುದು ಕಾಂಗ್ ಒಬ್ಬನೇ.

ಅಣ್ಣನ ಮಗ ಪಕ್ಕದಲ್ಲಿ ಕುಳಿತಿದ್ದ, ಹೊಟ್ಟೆ ಹಿಡಿದುಕೊಂಡು ನಕ್ಕ. ಕೋಟೆ ಬಿದ್ದಾಗ ನಗು ನಿಲ್ಲಿಸಿ, “ಚಿಕ್ಕಪ್ಪ, ಒಳಗೆ ಜನ ಇರ್ಲಿಲ್ವಾ?” ಎಂದ.

ಇರಲಿಲ್ಲ ಮಾರಾಯ. ಕ್ಯಾಮೆರಾ ಒಳಗೆ ಹೋಗಿಯೇ ಇಲ್ಲ.

*

ಹುಡುಗನ ಪ್ರಶ್ನೆಯನ್ನೇ ಹಿಡಿದುಕೊಂಡು ಮತ್ತೆ ನೋಡಿದೆ. ಆಗ ಕಣ್ಣಿಗೆ ಬಿದ್ದದ್ದು ಇದು. 1960ರ ದಶಕದ ಚಿತ್ರಗಳಲ್ಲಿ ಯಾವನೋ ಅಧಿಕಾರಿ ಫೋನಿನಲ್ಲೋ ಮೈಕಿನಲ್ಲೋ ಜನರನ್ನೆಲ್ಲ ತೆರವು ಮಾಡಿಸಲಾಗಿದೆ ಎನ್ನುತ್ತಾನೆ. ಗಂಟುಮೂಟೆ ಹೊತ್ತ ಜನ ಬೆಟ್ಟ ಹತ್ತುವ ಒಂದು ಶಾಟ್ ಬರುತ್ತದೆ. ಅಲ್ಲಿಗೆ ಊರು ಖಾಲಿ, ಕುಸ್ತಿಗೆ ಕಣ ಸಿದ್ಧ. 1954ರಲ್ಲೂ ತೆರವು ನಡೆದಿತ್ತು, ಆದರೂ ಆ ತಾಯಿ ಗಿಂಜಾದಲ್ಲಿ ಉಳಿದಿದ್ದಳು. ಈಗ ಉಳಿಯುವವರೇ ಇಲ್ಲ.

ಊರನ್ನು ನಿಜವಾಗಿ ಖಾಲಿ ಮಾಡಿಸಿದ್ದು ಸೈನ್ಯವಲ್ಲ, ಲೆಕ್ಕಪತ್ರ. ಜಪಾನಿನಲ್ಲಿ 1958ರಲ್ಲಿ ಸುಮಾರು 112 ಕೋಟಿ ಸಿನಿಮಾ ಟಿಕೆಟ್ ಮಾರಾಟವಾಗಿದ್ದವು. ಮನೆಮನೆಗೆ ಟಿ.ವಿ. ಬಂತು. 1970ರ ದಶಕದ ನಡುವಿಗೆ ಅದು 20 ಕೋಟಿಗಿಂತ ಕೆಳಗಿಳಿಯಿತು. ದೈತ್ಯಪ್ರಾಣಿ ಚಿತ್ರದಲ್ಲಿ ದುಡ್ಡು ನುಂಗುವುದು ಪ್ರಾಣಿಯಲ್ಲ, ಒಡೆಯುವುದಕ್ಕೆಂದೇ ಕಟ್ಟುವ ಪುಟಾಣಿ ನಗರ. ಕಿಟಕಿ, ಟ್ರಾಮ್ ಕಂಬ, ಹೆಂಚು ಎಲ್ಲ ಕೈಯಿಂದ ಮಾಡಿ ಒಂದೇ ಶಾಟಿನಲ್ಲಿ ಪುಡಿಮಾಡಬೇಕು. ನಗರ ಬೇಡವೆಂದರೆ ಖರ್ಚು ಅರ್ಧ ಇಳಿಯಿತು. ಗಾಡ್ಜಿಲ್ಲಾ ದ್ವೀಪಕ್ಕೆ ಹೊರಟದ್ದು ಹೀಗೆ. 1966ರ ಎಬಿರಾ (ದೈತ್ಯ ಸೀಗಡಿ) ಚಿತ್ರ ದಕ್ಷಿಣ ಸಮುದ್ರದ ದ್ವೀಪದಲ್ಲಿ, 1967ರ ‘ಗಾಡ್ಜಿಲ್ಲಾನ ಮಗ’ವೂ ದ್ವೀಪದಲ್ಲೇ. ಉಳಿದ ಜಗಳಗಳಲ್ಲಿ ಹಲವು ಫ್ಯೂಜಿಯ ತಪ್ಪಲಿನ ಬಯಲಲ್ಲಿ, ಗುಡ್ಡಗಾಡಿನಲ್ಲಿ.

ನಗರವಿಲ್ಲ, ಆದ್ದರಿಂದ ಜನವಿಲ್ಲ. ಜನವಿಲ್ಲ, ಆದ್ದರಿಂದ ಹೆಣವಿಲ್ಲ. ಹೆಣ ಬೀಳಿಸದ ಪ್ರಾಣಿಯನ್ನು ದ್ವೇಷಿಸುವುದಾದರೂ ಹೇಗೆ? ಗಾಡ್ಜಿಲ್ಲಾದ ಮನಃಪರಿವರ್ತನೆ ಮಾಡಿದ್ದು ಯಾವ ಋಷಿಯೂ ಅಲ್ಲ, ತೊಹೊ ಕಂಪನಿಯ ಬಜೆಟ್ಟು. ನನ್ನ ಗುಮಾನಿ ಇಷ್ಟೇ. ಇದಕ್ಕೆ ಒಗ್ಗದ ಚಿತ್ರಗಳೂ ಇವೆ, ಮುಂದೆ ಬರುತ್ತವೆ.

*

ಎಬಿರಾ ಚಿತ್ರದ ಕತೆಯನ್ನು ಮೊದಲು ಬರೆದದ್ದು ಕಾಂಗ್‌ಗಾಗಿ. ಕೈ ಬದಲಾಗಿ ಗಾಡ್ಜಿಲ್ಲಾ ಪಾಲಿಗೆ ಬಂತು, ಆದರೆ ಕತೆಯನ್ನು ಯಾರೂ ಸರಿಯಾಗಿ ತಿದ್ದಿದಂತಿಲ್ಲ. ಹಾಗಾಗಿ ಅದರಲ್ಲಿ ಗಾಡ್ಜಿಲ್ಲಾ ಸಿಡಿಲಿನಿಂದ ಎಚ್ಚರಗೊಳ್ಳುತ್ತದೆ, ಹುಡುಗಿಯೊಬ್ಬಳನ್ನು ಪಿಳಿಪಿಳಿ ನೋಡುತ್ತ ಕೂರುತ್ತದೆ. ಇನ್ನೊಬ್ಬರ ಅಂಗಿ ತೊಟ್ಟ ಹಾಗಿದೆ.

*

ಗಾಡ್ಜಿಲ್ಲಾ ಪಕ್ಷ ಬದಲಿಸಿದ ದೃಶ್ಯವನ್ನು ಬೆರಳಿಟ್ಟು ತೋರಿಸಬಹುದು. 1964ರ ಡಿಸೆಂಬರಿನ ಘಿಡೋರಾ ಚಿತ್ರ. ಬಾಹ್ಯಾಕಾಶದಿಂದ ಮೂರು ತಲೆಯ ಚಿನ್ನದ ಬಣ್ಣದ ಘಿಡೋರಾ ಬಂದಿದೆ. ಮರಿಹುಳುವಿನ ರೂಪದಲ್ಲಿರುವ ಮೋತ್ರಾ, ಗಾಡ್ಜಿಲ್ಲಾ ಮತ್ತು ಹಾರುವ ದೈತ್ಯ ರೊಡಾನ್‌ನನ್ನು ಎದುರಿಗೆ ಕೂರಿಸಿಕೊಂಡು ಪಂಚಾಯ್ತಿ ಮಾಡುತ್ತದೆ: ನಾವು ಮೂವರೂ ಸೇರಿ ಹೋರಾಡೋಣ. ಪ್ರಾಣಿಗಳು ಅರಚುತ್ತವೆ, ಗೇಣುದ್ದದ ಇಬ್ಬರು ಅವಳಿ ಹುಡುಗಿಯರು ಅದನ್ನು ಮನುಷ್ಯರಿಗೆ ಅನುವಾದಿಸಿ ಹೇಳುತ್ತಾರೆ. ಈ ಪಾತ್ರದಲ್ಲಿರುವವರು ‘ದ ಪೀನಟ್ಸ್’ ಎಂಬ ಹೆಸರಾಂತ ಗಾಯಕಿ ಜೋಡಿ. ಗಾಡ್ಜಿಲ್ಲಾದ ಉತ್ತರ: ಮನುಷ್ಯರು ಯಾವಾಗಲೂ ನಮಗೆ ಕಾಟ ಕೊಟ್ಟವರು, ಅವರನ್ನು ನಾವೇಕೆ ಉಳಿಸಬೇಕು? ರೊಡಾನ್‌ದೂ ಅದೇ ಮಾತು. ಎದುರಿಗೆ ನಿಂತ ಮನುಷ್ಯರ ಬಳಿ ಇದಕ್ಕೆ ಉತ್ತರವಿಲ್ಲ.

ಮೋತ್ರಾ ಒಂಟಿಯಾಗಿ ಹೊರಡುತ್ತದೆ. ಘಿಡೋರಾ ಅದನ್ನು ಎತ್ತೆತ್ತಿ ಒಗೆಯುತ್ತದೆ. ಗಾಡ್ಜಿಲ್ಲಾ ಸ್ವಲ್ಪ ಹೊತ್ತು ನೋಡುತ್ತದೆ, ಆಮೇಲೆ ತಡೆಯಲಾರದೆ ನುಗ್ಗುತ್ತದೆ. ನಗು ಬರುತ್ತದೆ ನಿಜ. ಆದರೆ ಇದರಲ್ಲಿ ಒಂದು ನ್ಯಾಯವೂ ಇದೆ: ಅದು ಮನುಷ್ಯರನ್ನು ಕ್ಷಮಿಸಿದ್ದಲ್ಲ, ಹುಳುವಿನ ಮೇಲೆ ಮರುಕಪಟ್ಟದ್ದು.

ಮರುವರ್ಷ ಬೇರೊಂದು ಗ್ರಹದಲ್ಲಿ ಘಿಡೋರಾವನ್ನು ಓಡಿಸಿ ಗಾಡ್ಜಿಲ್ಲಾ ಕುಣಿಯುತ್ತದೆ. ಆಗ ಮನೆಮಾತಾಗಿದ್ದ ‘ಒಸೊಮಾತ್ಸು-ಕುನ್’ ಕಾಮಿಕ್ಸಿನ ಪಾತ್ರವೊಂದರ ಭಂಗಿಯದು. ತ್ಸುಬುರಾಯಾಗೆ ಮಕ್ಕಳು ನಕ್ಕರೆ ಸಾಕಾಗಿತ್ತು, ಹೊಂಡಾಗೆ ಅದು ಹಿಡಿಸಲಿಲ್ಲವಂತೆ. ಇಬ್ಬರಿಗೂ ನನ್ನ ಅರ್ಧರ್ಧ ಮತ.

*

1969ರದು ಎಲ್ಲರೂ ಮೂಗು ಮುರಿಯುವ ಚಿತ್ರ. ಹೊಡೆದಾಟದ ಬಹುಪಾಲು ಹಳೆಯ ಚಿತ್ರಗಳಿಂದ ಕತ್ತರಿಸಿ ಅಂಟಿಸಿದ್ದು. ನಾನು ಇದರ ಪರ. ಕವಾಸಾಕಿಯ ಕಾರ್ಖಾನೆಗಳ ಹೊಗೆಯ ನಡುವೆ ಇಚಿರೊ ಎಂಬ ಹುಡುಗ. ಅಪ್ಪ ರೈಲು ಓಡಿಸುತ್ತಾನೆ, ಅಮ್ಮನೂ ಕೆಲಸಕ್ಕೆ ಹೋಗುತ್ತಾಳೆ. ಹುಡುಗ ಶಾಲೆಯಿಂದ ಬಂದು ತಾನೇ ಬೀಗ ತೆಗೆದುಕೊಂಡು ಖಾಲಿ ಮನೆ ಸೇರುತ್ತಾನೆ. ದಾರಿಯಲ್ಲಿ ಪುಂಡ ಹುಡುಗರ ಕಾಟ. ದೈತ್ಯಪ್ರಾಣಿಗಳು ಅವನಿಗೆ ಸಿಗುವುದು ಕನಸಿನಲ್ಲಿ ಮಾತ್ರ. ಗಾಡ್ಜಿಲ್ಲಾ ಸಿನಿಮಾದೊಳಗಿನ ಒಂದು ಕಲ್ಪನೆ ಅಷ್ಟೇ ಎಂದು ಸ್ವತಃ ಹೊಂಡಾ ಒಪ್ಪಿಕೊಂಡ ಚಿತ್ರ ಇದು. ಊರು ಹೇಗೂ ಖಾಲಿಯಾಗಿದೆ, ಆ ಖಾಲಿ ಊರಿನಲ್ಲಿ ಒಬ್ಬ ಹುಡುಗನನ್ನು ಬಿಟ್ಟು ಏನಾಗುತ್ತದೆ ನೋಡೋಣ ಎಂದಂತಿದೆ.

ತ್ಸುಬುರಾಯಾ ಅದರ ಮರುತಿಂಗಳೇ, 1970ರ ಜನವರಿಯಲ್ಲಿ, ತೀರಿಕೊಂಡರು.

*

1971ರ ಹೆಡೋರಾ ನನ್ನ ಸಿದ್ಧಾಂತಕ್ಕೆ ಕಲ್ಲು ಹಾಕುತ್ತದೆ. ದುಡ್ಡಿಲ್ಲ, ದೊಡ್ಡ ನಗರವಿಲ್ಲ, ಆದರೂ ಹೆಣಗಳಿವೆ. ಕೊಳಚೆಯಿಂದ ಹುಟ್ಟಿದ ಹೆಡೋರಾ ತಲೆಯ ಮೇಲೆ ಹಾರಿಹೋದರೆ ಸಾಕು, ಕೆಳಗಿದ್ದವರು ಕರಗಿ ಅಸ್ಥಿಪಂಜರವಾಗುತ್ತಾರೆ. ಯೊಕ್ಕಾಯಿಚಿಯ ಹೊಗೆಗೆ ಜನ ಆಸ್ತಮಾ ಹಿಡಿದು ನರಳುತ್ತಿದ್ದ ಕಾಲ ಅದು. ಕೆಸರು ಮೆತ್ತಿಕೊಂಡ ಬೆಕ್ಕಿನ ಮರಿಯೊಂದು ಮೆಟ್ಟಿಲ ಮೇಲೆ ಕೂಗುವ ಶಾಟ್ ಇದೆ, 1954ರ ಆಸ್ಪತ್ರೆಯ ಪಕ್ಕದಲ್ಲಿಡಬಹುದು. ಅದೇ ಚಿತ್ರದಲ್ಲಿ ಗಾಡ್ಜಿಲ್ಲಾ ಬಾಯಿಂದ ಬೆಂಕಿ ಉಗುಳುತ್ತ ಹಿಮ್ಮುಖವಾಗಿ ರಾಕೆಟ್ಟಿನಂತೆ ಹಾರುತ್ತದೆ! ನಿರ್ಮಾಪಕ ತೊಮೊಯುಕಿ ತನಾಕಾ ಆಗ ಆಸ್ಪತ್ರೆಯಲ್ಲಿದ್ದರು, ಎದ್ದು ಬಂದು ಚಿತ್ರ ನೋಡಿ ಕೆಂಡವಾದರಂತೆ. ನಿರ್ದೇಶಕ ಯೊಶಿಮಿತ್ಸು ಬಾನ್ನೊ ಮತ್ತೆ ಗಾಡ್ಜಿಲ್ಲಾ ಚಿತ್ರ ಮಾಡಲಿಲ್ಲ.

ಮುಂದಿನ ವರ್ಷದ ಗೈಗನ್ ಚಿತ್ರದಲ್ಲಿ ಹಳೆಯ ತುಣುಕುಗಳನ್ನು ಎಗ್ಗಿಲ್ಲದೆ ಬೆರೆಸಿದ್ದಾರೆ, ಒಂದೇ ಜಗಳದಲ್ಲಿ ಹಗಲು ಇದ್ದಕ್ಕಿದ್ದಂತೆ ರಾತ್ರಿಯಾಗುತ್ತದೆ. ಬಾಲದ ಮೇಲೆ ಜಾರುವ ಆ ಒದೆ 1973ರ ಮೆಗಲಾನ್‌ನಲ್ಲಿ. 1975ರಲ್ಲಿ ಹೊಂಡಾ ಮರಳಿ ಬಂದು ಒಂದು ಗಂಭೀರ ಚಿತ್ರ ಮಾಡಿದರು, ಟಿಕೆಟ್ ಹೋಗಲಿಲ್ಲ. ಆಮೇಲೆ ಅವರು ಚಿತ್ರ ನಿರ್ದೇಶಿಸದೆ ಕುರೊಸಾವಾ ಅವರ ಜೊತೆ ಕೆಲಸ ಮಾಡಿದರು.

*

1984ರಿಂದ ಒಂದು ವಿಚಿತ್ರ. ಹೊಸದಾಗಿ ಶುರುಮಾಡುವವರು ಪದೇ ಪದೇ ನಡುವಿನ ಚಿತ್ರಗಳನ್ನು ಅಳಿಸಿ, ನಮ್ಮದು 1954ರ ನೇರ ಮುಂದುವರಿಕೆ ಎನ್ನುತ್ತಾರೆ. ಒಂದೇ ಅಪ್ಪನಿಗೆ ಇಷ್ಟೊಂದು ಹಿರಿಮಕ್ಕಳು. ಈ ಹೊಸ ಕಾಲದವರಲ್ಲಿ ಕೆಲವರು ಖಾಲಿ ಊರಿಗೆ ಜನರನ್ನು ವಾಪಸು ಕರೆತಂದರು, ನನಗೆ ಕುತೂಹಲ ಅವರ ಮೇಲೆ.

ಮೊದಲು ಗಾಡ್ಜಿಲ್ಲಾ ಇಲ್ಲದ ಒಂದು: ಶುಸುಕೆ ಕನೆಕೊ ಅವರ 1999ರ ಗಮೆರಾ ಚಿತ್ರ. ಗಮೆರಾ ದೈತ್ಯ ಆಮೆ, ಮಕ್ಕಳ ಗೆಳೆಯ ಎಂದೇ ಹೆಸರಾದದ್ದು. ಇಲ್ಲಿ ಅಯಾನಾ ಎಂಬ ಹುಡುಗಿ ಅದನ್ನು ದ್ವೇಷಿಸುತ್ತಾಳೆ. 1995ರ ಮೊದಲ ಭಾಗದಲ್ಲಿ ಗಮೆರಾ ಟೋಕಿಯೋವನ್ನು ಉಳಿಸಿತಲ್ಲ, ಆಗ ಅದರ ಕಾಲಡಿಯ ಕಟ್ಟಡದಲ್ಲಿ ಅವಳ ಅಪ್ಪ ಅಮ್ಮ ಇದ್ದರು. ನಾವು ಚಪ್ಪಾಳೆ ಹೊಡೆದ ದೃಶ್ಯ ಅವಳಿಗೆ ತಿಥಿಯ ದಿನ. ಮುಂದಿನ ಭಾಗವೊಂದು ಹಿಂದಿನ ಭಾಗವನ್ನು ಹೀಗೆ ಕಟಕಟೆಗೆ ಎಳೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ಕನೆಕೊ 2001ರಲ್ಲಿ ಗಾಡ್ಜಿಲ್ಲಾ ಚಿತ್ರ ಮಾಡಿದರು. ಕಾಲಿಗೆ ಪಟ್ಟಿ ಕಟ್ಟಿ ಆಸ್ಪತ್ರೆಯ ಮಂಚದಲ್ಲಿ ಮಲಗಿದ ಹೆಂಗಸು. ಕಿಟಕಿಯಾಚೆ ಗಾಡ್ಜಿಲ್ಲಾ ಬರುತ್ತದೆ, ಏಳಲಾಗದೆ ಕಿರುಚುತ್ತಾಳೆ. ಅದು ಮುಟ್ಟದೆ ದಾಟಿ ಹೋಗುತ್ತದೆ. ಅವಳು ಉಸಿರು ಬಿಡುತ್ತಾಳೆ, ನಾವೂ ಬಿಡುತ್ತೇವೆ. ಹಿಂದಿನಿಂದ ಬಾಲ ಬರುತ್ತದೆ.

*

2016ರ ‘ಶಿನ್ ಗಾಡ್ಜಿಲ್ಲಾ’ದಲ್ಲಿ ಮೀಟಿಂಗೋ ಮೀಟಿಂಗು. 2011ರ ಸುನಾಮಿ ಮತ್ತು ಫುಕುಶಿಮಾ ದುರಂತದಲ್ಲಿ ಸರ್ಕಾರ ತಡಬಡಾಯಿಸಿದ್ದನ್ನು ನೋಡಿದ ಜನರ ಸಿನಿಮಾ. ಹೆಲಿಕಾಪ್ಟರುಗಳು ಗುಂಡು ಹಾರಿಸಲು ಸಿದ್ಧವಾಗಿವೆ. ತೆರವು ಮುಗಿದಿದೆ ಎಂದು ಕಡತ ಹೇಳುತ್ತದೆ. ಅಷ್ಟರಲ್ಲಿ ಒಬ್ಬರು ವೃದ್ಧರನ್ನು ಬೆನ್ನ ಮೇಲೆ ಹೊತ್ತು ರೈಲ್ವೆ ಗೇಟು ದಾಟುವುದು ಕಾಣಿಸುತ್ತದೆ. ಮಾತು ಮೇಲಿನವರಿಂದ ಮೇಲಿನವರಿಗೆ ಹೋಗಿ ಪ್ರಧಾನಿಯನ್ನು ಮುಟ್ಟುತ್ತದೆ. ಹಾರಿಸಬೇಡಿ ಎನ್ನುತ್ತಾರೆ. ಪ್ರಾಣಿ ತಪ್ಪಿಸಿಕೊಳ್ಳುತ್ತದೆ, ಮುಂದೆ ಇನ್ನೆಷ್ಟೋ ಜನ ಸಾಯುತ್ತಾರೆ. ಪ್ರಧಾನಿ ಮಾಡಿದ್ದು ಸರಿಯೇ? ಇಲ್ಲಿ ಟಿಪ್ಪಣಿಯ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.

*

2023ರ ‘ಗಾಡ್ಜಿಲ್ಲಾ ಮೈನಸ್ ಒನ್’. ನೋಡದವರು ಈ ಟಿಪ್ಪಣಿ ಬಿಡಬಹುದು. ಯುದ್ಧ ಸೋತ ಜಪಾನ್, 1947ರ ಟೋಕಿಯೋ. ಗಗನಚುಂಬಿಗಳಿಲ್ಲ, ಹಾಗಾಗಿ ಪ್ರಾಣಿಯೂ ಮತ್ತೆ 50 ಮೀಟರಿನ ಆಸುಪಾಸಿಗೆ ಇಳಿದಿದೆ. ತಕಾಶಿ ಯಮಝಾಕಿ ನಿರ್ದೇಶನ, ವಿಷುಯಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್.

1954ರ ಚಿತ್ರದ ಕೊನೆಯಲ್ಲಿ ವಿಜ್ಞಾನಿ ಸೆರಿಜಾವಾ ತನ್ನ ಭಯಂಕರ ಅಸ್ತ್ರದ ಜೊತೆ ಸಮುದ್ರಕ್ಕಿಳಿದು, ಉಸಿರಿನ ಕೊಳವೆಯನ್ನೂ ಹಗ್ಗವನ್ನೂ ತಾನೇ ಕೊಯ್ದುಕೊಂಡು ಪ್ರಾಣಿಯೊಂದಿಗೆ ಸಾಯುತ್ತಾನೆ. ಅಸ್ತ್ರದ ರಹಸ್ಯ ಯಾರ ಕೈಗೂ ಸಿಗಬಾರದು ಎಂಬುದು ಅವನ ಹಟ. ಆ ಸಾವು ಅಷ್ಟು ಭವ್ಯವಾಗಿದೆ, ಯಾರೂ ಅದನ್ನು ಪ್ರಶ್ನಿಸಲು ಹೋಗಿರಲಿಲ್ಲ. ‘ಮೈನಸ್ ಒನ್’ನ ನೊಡಾ ಎಂಬ ತಂತ್ರಜ್ಞ ಪ್ರಶ್ನಿಸುತ್ತಾನೆ. ಮಾಜಿ ನಾವಿಕರನ್ನು ಕೂರಿಸಿಕೊಂಡು, ಈ ದೇಶ ಜೀವವನ್ನು ಅಗ್ಗವಾಗಿ ಕಂಡಿತು, ಟ್ಯಾಂಕಿಗೆ ಕವಚ ಸಾಲದು, ಸೈನಿಕರಿಗೆ ಅನ್ನ ಮುಟ್ಟಿಸಲಿಲ್ಲ, ವಿಮಾನದಿಂದ ಹೊರಕ್ಕೆ ಹಾರುವ ಆಸನವನ್ನೂ ಕೊಡಲಿಲ್ಲ, ಈ ಸಲ ಒಬ್ಬರೂ ಸಾಯದ ಯೋಜನೆ ಮಾಡೋಣ ಎನ್ನುತ್ತಾನೆ. ಆತ್ಮಾಹುತಿಯಿಂದ ತಪ್ಪಿಸಿಕೊಂಡ ಅವಮಾನದಲ್ಲಿ ಬೇಯುತ್ತಿರುವ ಪೈಲಟ್ ಶಿಕಿಶಿಮಾ ಸಾಯಲೆಂದೇ ವಿಮಾನ ಹತ್ತುತ್ತಾನೆ. ಅದರಲ್ಲಿ ಆ ಆಸನವನ್ನು ಅಳವಡಿಸಿಟ್ಟವನು ಅವನಿಂದಾಗಿ ಗೆಳೆಯರನ್ನೆಲ್ಲ ಕಳೆದುಕೊಂಡ ಮೆಕ್ಯಾನಿಕ್.

ಎಪ್ಪತ್ತು ವರ್ಷ ತಡವಾಗಿ ಸೆರಿಜಾವಾಗೆ ಸಿಕ್ಕ ಉತ್ತರ ಎಂದು ಬರೆದುಕೊಂಡೆ. ಆದರೆ ಗಿಂಜಾದಲ್ಲಿ ಸತ್ತಳೆಂದುಕೊಂಡ, ಶಿಕಿಶಿಮಾನ ಸಂಗಾತಿ ನೊರಿಕೊ ಕೊನೆಯಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಸಿಗುತ್ತಾಳೆ, ಕ್ಯಾಮೆರಾ ಅವಳ ಕುತ್ತಿಗೆಯ ಮೇಲಿನ ಕಪ್ಪು ಗುರುತಿನ ಮೇಲೆ ನಿಲ್ಲುತ್ತದೆ. ವಿಕಿರಣದ ಕಾಯಿಲೆಯೋ ಅಥವಾ ಪ್ರಾಣಿಯ ಅಂಶವೇ ಮೈ ಸೇರಿದೆಯೋ ಎಂದು ಅಭಿಮಾನಿಗಳು ಕಚ್ಚಾಡುತ್ತಿದ್ದಾರೆ. ಮೊದಲನೆಯದಾದರೆ ಒಬ್ಬರೂ ಸಾಯದ ಯೋಜನೆ ಅಷ್ಟರಮಟ್ಟಿಗೆ ಸೋತಿದೆ, ಎರಡನೆಯದಾದರೆ ಕಂಪನಿ ಟಿಕೆಟ್ಟಿಗೆ ದಾರಿ ಮಾಡಿಟ್ಟುಕೊಂಡಿದೆ. ಯಮಝಾಕಿಯೇ ಮುಂದಿನದನ್ನೂ ಮಾಡುತ್ತಾರೆಂದು ತೊಹೊ ಪ್ರಕಟಿಸಿದೆ. ಮಾಡಲಿ, ದ್ವೀಪಕ್ಕೆ ಮಾತ್ರ ಹೋಗದಿರಲಿ.